ನೀಲಿ ಬಾಟಲಿಗಿಂತ ಮೊದಲು ಪೆಟ್ರೋಲಿನ ಲೆಕ್ಕ

ನನಗೆ ಪರಿಚಯವಿರುವ ಗ್ಯಾರೇಜೊಂದರಲ್ಲಿ ಬಿಲ್ಲುಗಳು ಗಾಳಿಗೆ ಹಾರದಿರಲೆಂದು ಅವುಗಳ ಮೇಲೆ ಒಂದು ಪಿಸ್ಟನ್ ಇಟ್ಟಿರುತ್ತಾರೆ. ಅದರ ಒಂದು ಅಂಚು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಕರಗಿ ಇಳಿದಿದೆ. ಮೇಲಿನ ರಿಂಗ್ ಕೂರುವ ಕಚ್ಚು ಎರಡು ಕಡೆ ಒಡೆದಿದೆ. "ನೈಟ್ರಸ್ ಜಾಸ್ತಿ ಆಗೋಯ್ತು ಸಾರ್, ಅದಕ್ಕೇ ಹಿಂಗಾಗಿದ್ದು" ಎನ್ನುತ್ತಾನೆ ಅಲ್ಲಿನ ಹುಡುಗ. ಸಾಮಾನ್ಯವಾಗಿ ಎಲ್ಲರೂ ಹೇಳುವುದು ಇದನ್ನೇ. ನನಗೆ ಮಾತ್ರ ಮಾತು ತಲೆಕೆಳಗಾಗಿದೆ ಅನ್ನಿಸುತ್ತದೆ. ಆ ಪಿಸ್ಟನ್ ಕರಗಿದ್ದು ಪೆಟ್ರೋಲ್ ಸಾಲದೆ.

ಎಂಜಿನ್‌ನಿಂದ ಹೆಚ್ಚು ಎಚ್‌ಪಿ ತೆಗೆಯಲೆಂದು ನೀಲಿ ಬಾಟಲಿಯಲ್ಲಿ ತುಂಬಿ ಕಾರಿಗೆ ಕೂರಿಸುವ ನೈಟ್ರಸ್ ಆಕ್ಸೈಡ್ ಇಂಧನವಲ್ಲ. ತಾನಾಗಿ ಉರಿಯುವುದೂ ಇಲ್ಲ. ನಾವು ಉಸಿರಾಡುವ ಗಾಳಿಯ ತೂಕದಲ್ಲಿ ಶೇ. 23ರಷ್ಟು ಆಮ್ಲಜನಕವಿದ್ದರೆ ನೈಟ್ರಸ್‌ನಲ್ಲಿ ಶೇ. 36ರಷ್ಟಿದೆ. ಸಿಲಿಂಡರಿನೊಳಗೆ ಸುಮಾರು 300 ಡಿಗ್ರಿ ದಾಟಿದಾಗ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದರ ಕೆಲಸ ಇಷ್ಟೇ. ಸೌದೆ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಊದುಗೊಳವೆಯಲ್ಲಿ ಉರಿಯುವಂಥದ್ದು ಏನೂ ಇಲ್ಲ, ಆದರೆ ಊದಿದಷ್ಟೂ ಸೌದೆ ಬೇಗ ಮುಗಿಯುತ್ತದೆ. ಎಂಜಿನ್‌ನಲ್ಲಿ ಆ ಸೌದೆ ಪೆಟ್ರೋಲು. ಅದು ಕಡಿಮೆ ಬಿದ್ದರೆ ಉರಿ ಆರುವುದಿಲ್ಲ. ಇನ್ನೂ ಬಿಸಿಯಾಗುತ್ತದೆ, ನಾಕಿಂಗ್ ಶುರುವಾಗುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು; ಪಿಸ್ಟನ್ನಿನ ಮಿಶ್ರಲೋಹಕ್ಕೆ ಅಷ್ಟೂ ಬೇಡ.

ಹಾಗಾಗಿ ಲೆಕ್ಕವನ್ನು ಬಾಟಲಿಯಿಂದಲ್ಲ, ಪೆಟ್ರೋಲ್ ಟ್ಯಾಂಕಿನಿಂದ ಆರಂಭಿಸಬೇಕು. ಸೂತ್ರ ಸುಲಭ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ ಒಂದು ಎಚ್‌ಪಿಯನ್ನು ಒಂದು ಗಂಟೆ ಕಾಲ ಕೊಡಲು ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಕುಡಿಯುತ್ತದೆ. ನೈಟ್ರಸ್‌ನಿಂದ ಬರುವ ಎಚ್‌ಪಿಗೆ ಸ್ವಲ್ಪ ಧಾರಾಳವಾಗಿ 0.55 ಎಂದು ಹಿಡಿಯುವುದು ಕ್ಷೇಮ. ಪೌಂಡು ಯಾಕೆ ಅಂದರೆ, ಈ ವಿದ್ಯೆ ಬೆಳೆದದ್ದು ಅಮೆರಿಕದ ಗ್ಯಾರೇಜುಗಳಲ್ಲಿ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಡಬ್ಬಿಯ ಮೇಲೆ ಇಂದಿಗೂ 'ಗಂಟೆಗೆ ಇಷ್ಟು ಪೌಂಡ್' ಎಂದೇ ಬರೆದಿರುವುದುಂಟು. ಅದನ್ನು 10.5ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಸಿಸಿ ಎಂಬುದು ಸಿಗುತ್ತದೆ.

ಉದಾಹರಣೆಗೂ ಅಲ್ಲಿಯ ಕಾರೇ ಇರಲಿ. 1989ರಿಂದ 1993ರವರೆಗಿನ ಫೋರ್ಡ್ ಮಸ್ಟಾಂಗ್ 5.0, ನೈಟ್ರಸ್ ಕಿಟ್ ಹೆಚ್ಚು ಹೆಚ್ಚು ಕೂತ ಕಾರುಗಳಲ್ಲೊಂದು. ಎಂಟು ಸಿಲಿಂಡರ್, 225 ಎಚ್‌ಪಿ (ಕೊನೆಯ ವರ್ಷ ಫೋರ್ಡ್ ಕಂಪನಿಯೇ ಅದನ್ನು 205 ಎಂದು ಇಳಿಸಿ ಬರೆದುಕೊಂಡಿತು). ಕಂಪನಿ ಹಾಕಿಕೊಟ್ಟ ಇಂಜೆಕ್ಟರ್ ತಲಾ 19 ಪೌಂಡಿನದು, ಅವಕ್ಕೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯಲ್ ರೈಲಿನಲ್ಲಿ ಒತ್ತಡ ಸುಮಾರು 39 ಪಿಎಸ್‌ಐ, ಟ್ಯಾಂಕಿನೊಳಗಿನ ಪಂಪು ಗಂಟೆಗೆ 88 ಲೀಟರಿನದು.

ಈಗ ಕೂಡಿಸಿ ನೋಡೋಣ. 225 ಎಚ್‌ಪಿಗೆ ಬೇಕಾದದ್ದು 112 ಪೌಂಡು ಚಿಲ್ಲರೆ. ಎಂಟು ಇಂಜೆಕ್ಟರ್ ಪೂರ್ತಿ ತೆರೆದೇ ಇದ್ದರೆ ಕೊಡಬಲ್ಲದ್ದು 152 ಪೌಂಡ್. ಅಂದರೆ ಅವು ಶೇ. 74ರಷ್ಟು ಹೊತ್ತು ತೆರೆದಿದ್ದರೆ ಸಾಕು. ಈ ಪಾಲಿಗೆ ಡ್ಯೂಟಿ ಸೈಕಲ್ ಎನ್ನುತ್ತಾರೆ, ಇದು ಶೇ. 80–85 ದಾಟಬಾರದು. ದಾಟಿದರೆ ಇಂಜೆಕ್ಟರ್‌ಗೆ ಸರಿಯಾಗಿ ಮುಚ್ಚಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ, ಕಂಪ್ಯೂಟರ್ ಹೇಳಿದ ಅಳತೆ ಒಂದು, ಬೀಳುವ ಹನಿ ಇನ್ನೊಂದು. ಇದಕ್ಕೆ 75 ಎಚ್‌ಪಿಯ ನೈಟ್ರಸ್ ಸೇರಿಸಿ. ಇನ್ನೂ 41 ಪೌಂಡ್ ಬೇಕು, ಒಟ್ಟು 153. ಇಂಜೆಕ್ಟರ್‌ಗಳು ಬಾಯಿ ಮುಚ್ಚದೆ ಸುರಿದರೂ ಸಾಲದು. 24 ಪೌಂಡಿನವನ್ನು ಹಾಕಿದರೆ ಸರಿಯಾಗಿ ಶೇ. 80ಕ್ಕೆ ಬಂದು ನಿಲ್ಲುತ್ತದೆ. 100 ಎಚ್‌ಪಿಯ ಆಸೆಯಿದ್ದರೆ ಅವೂ ಶೇ. 87 ಮುಟ್ಟುತ್ತವೆ, 30 ಪೌಂಡಿನವು ಬೇಕು.

ಅನೇಕರು ಇಲ್ಲಿಗೆ ನಿಲ್ಲಿಸಿ ಇಂಜೆಕ್ಟರ್ ತರಲು ಹೊರಡುತ್ತಾರೆ. ಆದರೆ ಪಂಪು? ಆ 153 ಪೌಂಡನ್ನು ಲೀಟರಿಗೆ ತಿರುಗಿಸಿದರೆ ಗಂಟೆಗೆ 93 ಲೀಟರ್ ದಾಟುತ್ತದೆ. ಪಂಪಿನ ಹಣೆಯ ಮೇಲೆ ಬರೆದಿರುವುದೇ 88. ಅದೂ ಹೊಸದರಲ್ಲಿ, ಪೂರ್ತಿ ವೋಲ್ಟೇಜ್ ಇದ್ದಾಗ. ಹಳೆ ವೈರಿನಲ್ಲಿ ಒಂದೆರಡು ವೋಲ್ಟ್ ಸೋರಿಹೋದರೆ ಅಷ್ಟೂ ಬರುವುದಿಲ್ಲ. ಆ ಕಾಲದ ಮಸ್ಟಾಂಗ್ ಹುಡುಗರು ಗಂಟೆಗೆ 190 ಅಥವಾ 255 ಲೀಟರಿನ ಪಂಪು ಹಾಕಿಸುತ್ತಿದ್ದದ್ದು ಶೋಕಿಗಲ್ಲ. ಹೊಸ ಪಂಪಿಗೆ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು ರಿಲೇ ಕೂರಿಸುವುದು ಇಡೀ ಕೆಲಸದಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಮರೆತುಹೋಗುವುದೂ ಅದೇ.

ಪೆಟ್ರೋಲ್ ಸೇರಿಸುವ ದಾರಿಗಳು ಎರಡು. ಡ್ರೈ ಕಿಟ್ಟಿನಲ್ಲಿ ನಳಿಕೆಯಿಂದ ನೈಟ್ರಸ್ ಮಾತ್ರ ಬರುತ್ತದೆ. ಹೆಚ್ಚಿನ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು. ವೆಟ್ ಕಿಟ್ಟಿನಲ್ಲಿ ರೈಲಿನಿಂದ ಒಂದು ಕವಲು ಎಳೆದು, ಇನ್ನೊಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಕವಾಟ) ಕೂರಿಸಿ, ನೈಟ್ರಸ್ ಜೊತೆಗೇ ಪೆಟ್ರೋಲನ್ನೂ ಸಿಂಪಡಿಸುತ್ತಾರೆ. ವೆಟ್ ಕಿಟ್ಟಿಗೆ ದೊಡ್ಡ ಇಂಜೆಕ್ಟರ್ ಬೇಕಿಲ್ಲ! ಆ 41 ಪೌಂಡ್ ಬೇರೆ ಬಾಗಿಲಿನಿಂದ ಬರುತ್ತದೆ. 'ಯಾವ ಇಂಜೆಕ್ಟರ್ ಹಾಕಲಿ' ಎಂದು ಕೇಳುವ ಅರ್ಧ ಜನಕ್ಕೆ 'ಇರುವುದೇ ಇರಲಿ, ಪಂಪು ಬದಲಿಸಿ' ಎಂಬುದೇ ಉತ್ತರ.

ಮಸ್ಟಾಂಗ್‌ಗೆ ಬರುತ್ತಿದ್ದ ಹಳೆಯ ಡ್ರೈ ಕಿಟ್ಟುಗಳು ಒಂದು ಜಾಣತನ ಮಾಡಿದ್ದವು. ಬಾಟಲಿಯ ಒತ್ತಡವನ್ನೇ ತಗ್ಗಿಸಿ ಪೆಟ್ರೋಲ್ ರೆಗ್ಯುಲೇಟರ್‌ನ ತಲೆಯ ಮೇಲೆ ಬಿಡುವುದು. ರೈಲಿನ ಒತ್ತಡ 39ರಿಂದ 80 ಪಿಎಸ್‌ಐ ಆಸುಪಾಸಿಗೆ ಜಿಗಿಯುತ್ತಿತ್ತು. ಇಂಜೆಕ್ಟರ್ ಬದಲಿಸದೆ ಹೆಚ್ಚು ಪೆಟ್ರೋಲ್. ಕೇಳಲು ಚೆನ್ನಾಗಿದೆ. ಆದರೆ ಹರಿವು ಏರುವುದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. ಒತ್ತಡ ಎರಡರಷ್ಟಾದರೂ 19 ಪೌಂಡಿನದು 27 ಆಗುತ್ತದೆಯೇ ಹೊರತು 38 ಆಗುವುದಿಲ್ಲ. ಅದೇ ಹೊತ್ತಿಗೆ, 80 ಪಿಎಸ್‌ಐ ಎದುರು ತಳ್ಳಬೇಕಾದ ಪಂಪಿನ ಶಕ್ತಿ ಕುಸಿಯುತ್ತದೆ. ಒಂದು ಕಡೆ ಬೇಡಿಕೆ ಹೆಚ್ಚು, ಇನ್ನೊಂದು ಕಡೆ ಪೂರೈಕೆ ಕಮ್ಮಿ.

ಇನ್ನೂ ಒಂದು ತೊಡಕಿದೆ, ನನಗೆ ಬಹಳ ಇಷ್ಟವಾದದ್ದು. ನೈಟ್ರಸ್‌ಗೆ ಎಂಜಿನ್ ಎಷ್ಟು ಸುತ್ತುತ್ತಿದೆ ಎಂಬುದೇ ಗೊತ್ತಿಲ್ಲ. ನಲ್ಲಿ ಬಿಟ್ಟ ನೀರಿನ ಹಾಗೆ ಸೆಕೆಂಡಿಗೆ ಇಷ್ಟು ಎಂದು ಹರಿಯುತ್ತಿರುತ್ತದೆ. ಇಂಜೆಕ್ಟರ್ ಹಾಗಲ್ಲ, ಅದು ಸುತ್ತುಗಳ ಲೆಕ್ಕವಿಟ್ಟು ಹನಿಸುತ್ತದೆ. ಒತ್ತಡ ಏರಿಸಿದಾಗ 4200 ಆರ್‌ಪಿಎಂನಲ್ಲಿ ಹೆಚ್ಚುವರಿಯಾಗಿ 48 ಪೌಂಡ್ ಸಿಕ್ಕರೆ 2000 ಆರ್‌ಪಿಎಂನಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ನೈಟ್ರಸ್ ಕೇಳುವುದು ಎರಡೂ ಕಡೆ ಅದೇ 41. ಕೆಳಗಿನ ಸುತ್ತಿನಲ್ಲಿ ಬಟನ್ ಒತ್ತಿದವರ ಪಿಸ್ಟನ್ ಯಾಕೆ ಪೇಪರ್‌ವೇಟ್ ಆಗುತ್ತದೆ ಎಂಬುದಕ್ಕೆ ಇಲ್ಲೊಂದು ಕಾರಣವಿದೆ. 3000 ದಾಟುವ ತನಕ ನೈಟ್ರಸ್ ತೆರೆಯಲು ಬಿಡದ ವಿಂಡೋ ಸ್ವಿಚ್ಚನ್ನು ಹಾಕಿಸಿ ಎನ್ನುವುದೂ ಇದಕ್ಕೇ.

ಇಂದಿನ ಪ್ರೋಗ್ರಾಂ ಮಾಡಬಹುದಾದ ಇಸಿಯುಗಳಲ್ಲಿ (ಎಂಜಿನ್ನಿನ ಕಂಪ್ಯೂಟರ್) ಇದಕ್ಕೆ ಪರಿಹಾರವಿದೆ. 6000 ಆರ್‌ಪಿಎಂನಲ್ಲಿ ಒಂದು ಪೂರ್ಣ ಚಕ್ರಕ್ಕೆ 20 ಮಿಲಿಸೆಕೆಂಡ್, 3000ದಲ್ಲಿ 40. ನೈಟ್ರಸ್‌ಗಾಗಿ ಮೇಲೆ 3 ಮಿಲಿಸೆಕೆಂಡ್ ಸೇರಿಸಿದರೆ ಕೆಳಗೆ 6 ಸೇರಿಸಬೇಕು. ಟ್ಯೂನ್ ಮಾಡುವವನು ಈ ಟೇಬಲ್ಲಿನಲ್ಲಿ ಉದ್ದಕ್ಕೂ ಒಂದೇ ಅಂಕಿ ತುಂಬಿದ್ದರೆ ಕಾರನ್ನು ಅವನ ಕೈಗೆ ಕೊಡಬೇಡಿ.

ನನ್ನ ಒಲವು ಹೇಳುವುದಾದರೆ, ಹಳೆ ಕಾರಿಗೆ ಸಣ್ಣ ಪ್ರಮಾಣದ ವೆಟ್ ಕಿಟ್ಟು. ಒಳ್ಳೆಯ ಇಸಿಯು ಇರುವ ಕಾರಿಗೆ ದೊಡ್ಡ ಇಂಜೆಕ್ಟರ್ ಜೊತೆ ಡ್ರೈ. ವೆಟ್ ಕಿಟ್ಟಿನಲ್ಲೂ ದೋಷವಿಲ್ಲದಿಲ್ಲ: ಬರೀ ಗಾಳಿಗೆಂದು ಮಾಡಿದ ಮ್ಯಾನಿಫೋಲ್ಡ್‌ನ ತಿರುವುಗಳಲ್ಲಿ ಪೆಟ್ರೋಲ್ ಗೋಡೆಗೆ ಅಂಟಿ ನಿಲ್ಲುತ್ತದೆ, ಒಂದು ಸಿಲಿಂಡರಿಗೆ ಊಟ, ಇನ್ನೊಂದಕ್ಕೆ ಉಪವಾಸ. ನಿಂತ ಪೆಟ್ರೋಲ್ ಒಮ್ಮೆ ಹತ್ತಿಕೊಂಡರೆ ಮ್ಯಾನಿಫೋಲ್ಡೇ ಸಿಡಿಯಬಹುದು.

ದೊಡ್ಡ ಇಂಜೆಕ್ಟರ್ ಹಾಕುವುದೇ ಆದರೆ ಅಳತೆ ಮೀರಬೇಡಿ. ಇಂಜೆಕ್ಟರ್ ಕರೆಂಟು ಸಿಕ್ಕಿದ ತಕ್ಷಣ ತೆರೆಯುವುದಿಲ್ಲ, ಸುಮಾರು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಐಡ್ಲಿಂಗ್‌ನಲ್ಲಿ ತೆರೆದಿರಬೇಕಾದದ್ದೇ ಎರಡು ಮೂರು ಮಿಲಿಸೆಕೆಂಡ್. ತೀರಾ ದೊಡ್ಡದಾದರೆ ಅಷ್ಟು ಸಣ್ಣ ಹನಿ ಹಾಕಲು ಬಾರದೆ ಎಂಜಿನ್ ಗಡಗಡ ಎನ್ನುತ್ತದೆ, ಹಿಂದಿನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಓಮ್ ಕೂಡ ನೋಡಿಕೊಳ್ಳಿ. ಸಾಮಾನ್ಯ ಕಾರಿನವು 12ರಿಂದ 16 ಓಮ್, ರೇಸಿನ ಕೆಲವು ಹಳೆಯವು 2–3 ಓಮ್. ತಪ್ಪಿ ಹಾಕಿದರೆ ಇಸಿಯುವಿನ ಡ್ರೈವರ್ ಸರ್ಕ್ಯೂಟ್ ಸುಟ್ಟುಹೋಗುತ್ತದೆ.

ಇನ್ನು ಪರೀಕ್ಷೆ. ಗೇಜಿನಲ್ಲಿ 40 ಪಿಎಸ್‌ಐ ತೋರಿಸುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮನೆಯಲ್ಲಿ ಬಚ್ಚಲ ನಲ್ಲಿ ತಿರುಗಿಸಿದಾಗ ಅಡುಗೆಮನೆ ನಲ್ಲಿ ಸಣ್ಣಗಾಗುವುದಿಲ್ಲವೇ? ಪೆಟ್ರೋಲ್ ಸೊಲೆನಾಯ್ಡ್ ತೆರೆದಾಗ ರೈಲಿನಲ್ಲಿ ಆಗುವುದೂ ಅದೇ. ಹರಿಯುವಾಗಿನ ಒತ್ತಡವೇ ನಿಜವಾದದ್ದು. ಹಾಗಾಗಿ ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ವೆಟ್ ಕಿಟ್ಟಿನ ಪೆಟ್ರೋಲ್ ಪೈಪಿನ ತುದಿಗೆ ಜೆಟ್ (ಹರಿವಿನ ಅಳತೆ ಕಟ್ಟುವ ಸಣ್ಣ ರಂಧ್ರ) ಸಹಿತ ಅಳತೆಯ ಡಬ್ಬಿ ಹಿಡಿಯುತ್ತಾರೆ. ಪಂಪ್ ಓಡಿಸಿ ಸೊಲೆನಾಯ್ಡ್‌ಗೆ ಅರ್ಧ ನಿಮಿಷ ಕರೆಂಟ್ ಕೊಡುತ್ತಾರೆ. 75 ಎಚ್‌ಪಿಯ ಜೆಟ್ಟಾದರೆ ಸುಮಾರು 200 ಮಿಲಿಲೀಟರ್ ಬೀಳಬೇಕು. ಗೇಜಿನ ಮುಳ್ಳು ಅಷ್ಟು ಹೊತ್ತೂ ಅಲುಗಾಡದೆ ನಿಲ್ಲಬೇಕು. ಹಾಗಿದ್ದೂ ಇದು ಕಾಲುಭಾಗದ ಪರೀಕ್ಷೆ ಮಾತ್ರ. ಉಳಿದ ಮುಕ್ಕಾಲು ಪೆಟ್ರೋಲನ್ನು ಅದೇ ಪಂಪು ಇಂಜೆಕ್ಟರ್‌ಗಳಿಗೂ ಕೊಡಬೇಕು ಎಂಬುದು ನೆನಪಿರಲಿ. ಓಡುವ ಕಾರಿನಲ್ಲಿ ಗಾಳಿ–ಪೆಟ್ರೋಲಿನ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಮೀಟರು 12ರ ಆಸುಪಾಸು ತೋರಿಸಿದರೆ ಮಾತ್ರ ಮುಂದಿನ ಮಾತು.

ನಮ್ಮ ಕಡೆಯ ಎರಡು ವಿಷಯ. ಒಂದು, ಬಂಕಿನಲ್ಲಿ ಈಗ ಸಿಗುವುದು ಇ20. ಎಥನಾಲ್ ಬೆರೆತ ಇದಕ್ಕೆ 14.7ರ ಬದಲು 13.5 ಪಾಲು ಗಾಳಿ ಸಾಕು. ಅಂದರೆ ಅದೇ ಗಾಳಿಗೆ ಸುಮಾರು ಶೇ. 9ರಷ್ಟು ಹೆಚ್ಚು ಪೆಟ್ರೋಲ್ ಹರಿಯಬೇಕು. ಅಮೆರಿಕದ ಕಿಟ್ಟಿನ ಜೊತೆ ಬಂದ ಜೆಟ್ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದರೆ ಆ ಪಾಲು ಕಡಿಮೆ ಬೀಳುತ್ತದೆ. ಇನ್ನೊಂದು, ಬಿಸಿಲು. ಬಾಟಲಿಯಲ್ಲಿ ದ್ರವವಾಗಿರುವ ನೈಟ್ರಸ್ 21 ಡಿಗ್ರಿಯಲ್ಲಿ ಸುಮಾರು 750 ಪಿಎಸ್‌ಐ; ಕಿಟ್ಟುಗಳ ಲೆಕ್ಕ ಇರುವುದು 900–950ಕ್ಕೆ. 36.4 ಡಿಗ್ರಿ ದಾಟಿದರೆ ದ್ರವವೆಂಬುದೇ ಉಳಿಯುವುದಿಲ್ಲ, ಒತ್ತಡ ಸಾವಿರ ಮೀರುತ್ತದೆ. ಚಳಿ ದೇಶದವರು ಬಾಟಲಿಗೆ ಹೀಟರ್ ಸುತ್ತುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ ಡಿಕ್ಕಿಯೊಳಗಿನ ಬಾಟಲಿಗೆ ಒದ್ದೆ ಗೋಣಿಚೀಲ ಸುತ್ತಬೇಕಾದೀತು. ಬಾಟಲಿಯ ಒತ್ತಡ ಏರಿದರೆ ನೈಟ್ರಸ್ ಹೆಚ್ಚುತ್ತದೆ, ಪೆಟ್ರೋಲ್ ಜೆಟ್ ಇದ್ದಷ್ಟೇ ಇರುತ್ತದೆ. ಅಂದಹಾಗೆ ಇದೆಲ್ಲ ರೇಸ್ ಟ್ರ್ಯಾಕಿನ ಮಾತು. ರಸ್ತೆಯಲ್ಲಿ ಓಡುವ ಗಾಡಿಯನ್ನು ಕಂಪನಿ ಕೊಟ್ಟ ರೂಪ ಬಿಟ್ಟು ಹೀಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಸ್ವಿಚ್ಚು. ರೈಲಿನಲ್ಲಿ ಒತ್ತಡ ಕುಸಿದ ಕೂಡಲೇ ನೈಟ್ರಸ್ ಸೊಲೆನಾಯ್ಡ್‌ನ ಕರೆಂಟು ಕತ್ತರಿಸುವ ಪ್ರೆಶರ್ ಸ್ವಿಚ್. ಜೊತೆಗೆ ವಿಂಡೋ ಸ್ವಿಚ್ಚಿನ ಮೇಲಿನ ಮಿತಿ ರೆವ್ ಲಿಮಿಟರ್‌ಗಿಂತ ಕೆಳಗಿರಲಿ. ಲಿಮಿಟರ್ ಪೆಟ್ರೋಲ್ ನಿಲ್ಲಿಸಿದ ಕ್ಷಣದಲ್ಲೂ ನೈಟ್ರಸ್ ಸುರಿಯುತ್ತಲೇ ಇರುತ್ತದೆ.

ಆ ಗ್ಯಾರೇಜಿನ ಕಾರಿಗೆ ಎರಡೂ ಸ್ವಿಚ್ ಇರಲಿಲ್ಲ. ಬಾಟಲಿ, ನಳಿಕೆ, ಸೊಲೆನಾಯ್ಡ್ ಎಲ್ಲ ಹೊಸದು, ಹೊಳೆಯುತ್ತಿದ್ದವು. ಎಂಜಿನ್ ಬಿಚ್ಚಿದ ಮೇಲೆ ಆ ಹುಡುಗನೇ ಕುತೂಹಲಕ್ಕೆ ಪೆಟ್ರೋಲ್ ಫಿಲ್ಟರನ್ನು ಹ್ಯಾಕ್ಸಾದಲ್ಲಿ ಕೊಯ್ದು ನೋಡಿದನಂತೆ. ಒಳಗೆ ಕಾಫಿ ಚರಟದಂಥ ಕರಿ ಮಡ್ಡಿ, ಮುಕ್ಕಾಲು ಭಾಗ.