ಫಾಲ್ಸ್ ಸೀಲಿಂಗ್ ಮೇಲಿನ 60 ಮಿಲಿಮೀಟರು

ಆಸ್ಪತ್ರೆಯ ಕಾರಿಡಾರಿನಲ್ಲಿ ತಲೆಯೆತ್ತಿದರೆ ಕಾಣುವುದು ಬಿಳಿ ಚೌಕಗಳ ಫಾಲ್ಸ್ ಸೀಲಿಂಗ್ ಮಾತ್ರ. ಒಂದು ಚೌಕ ಸರಿಸಿ ಟಾರ್ಚ್ ಬಿಟ್ಟರೆ ಬೇರೆಯದೇ ಲೋಕ. ಎ.ಸಿ. ಗಾಳಿ ಹರಿಯುವ ತಗಡಿನ ಡಕ್ಟ್, ತಣ್ಣೀರಿನ ಪೈಪು, ಶೌಚಾಲಯದ ಕೊಳಚೆ ಪೈಪು, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪು, ವೈರುಗಳ ಟ್ರೇ. ಎಲ್ಲವೂ ಮೊಳದುದ್ದದ ಸಂದಿಯಲ್ಲಿ ತುಂಬಿಕೊಂಡಿರುತ್ತವೆ.

ಆ ಮೊಳದ ಲೆಕ್ಕ ಹಾಕೋಣ. ತೊಲೆಯ ಅಡಿಯಿಂದ ಸೀಲಿಂಗಿಗೆ 450 ಮಿ.ಮೀ. ಇದೆ ಎನ್ನಿ. ಡಕ್ಟಿನ ಎತ್ತರ 300. ತಣ್ಣನೆಯ ಡಕ್ಟ್ ಬೆವರದಂತೆ ಮೇಲೂ ಕೆಳಗೂ 25ರಂತೆ ಇನ್ಸುಲೇಶನ್. ಅದನ್ನು ಹೊರುವ ಆಂಗಲ್ 40. ಉಳಿದದ್ದು 60. ಅಡ್ಡ ಹಾಯಬೇಕಾದ ಕೊಳಚೆ ಪೈಪಿನ ಹೊರವ್ಯಾಸ 110. ನಕ್ಷೆಯಲ್ಲಿ ಇದು ಎರಡು ಗೆರೆ ಕೂಡುವ ಒಂದು ಚುಕ್ಕೆ, ಅಷ್ಟೆ. ಏಣಿ ಮೇಲೆ ನಿಂತ ಫಿಟ್ಟರ್‌ಗೆ ಮಾತ್ರ ಪೈಪು ಹೋಗುವುದಿಲ್ಲ ಎಂದು ತಿಳಿಯುತ್ತದೆ, ಅದೂ ಡಕ್ಟ್ ಕೂರಿಸಿ ಮುಗಿದ ಮೇಲೆ.

ಹಿಂದೆ ಇದನ್ನು ಹಿಡಿಯುತ್ತಿದ್ದ ಬಗೆ ಹೀಗಿತ್ತು: ಡಕ್ಟ್‌ಗೊಂದು, ಪ್ಲಂಬಿಂಗ್‌ಗೊಂದು, ವಿದ್ಯುತ್ತಿಗೊಂದು ಟ್ರೇಸಿಂಗ್ ಹಾಳೆ. ಅವನ್ನು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿ, ಗೆರೆಗಳು ದಟ್ಟವಾದ ಕಡೆ ಕಣ್ಣಿಟ್ಟು, ಅಲ್ಲಿಗೆ ಒಂದು ಅಡ್ಡಕೊಯ್ತದ ನಕ್ಷೆ ಬರೆಯುತ್ತಿದ್ದರು. ಎಲ್ಲಿ ಕೊಯ್ದು ನೋಡಬೇಕು ಎಂಬುದನ್ನು ಹೇಳುತ್ತಿದ್ದದ್ದು ಡ್ರಾಫ್ಟ್ಸ್‌ಮನ್‌ನ ಅನುಭವ. ಆ ಕಣ್ಣಿನ ಬಗ್ಗೆ ನನಗೆ ಬಹಳ ಗೌರವವಿದೆ. 1982ರಲ್ಲಿ ಆಟೋಕ್ಯಾಡ್ ಬಂತು, ಹಾಳೆಗಳ ಜಾಗಕ್ಕೆ ಲೇಯರ್‌ಗಳು ಬಂದವು, ಅಳಿಸಿ ಬರೆಯುವುದು ಸುಲಭವಾಯಿತು. ಆದರೆ ಗೆರೆ ಗೆರೆಯಾಗಿಯೇ ಉಳಿಯಿತು. ತಾನು ಡಕ್ಟಿನ ಅಂಚೋ ಗೋಡೆಯ ಅಂಚೋ ಎಂಬುದು ಗೆರೆಗೆ ಗೊತ್ತಿರಲಿಲ್ಲ.

ಗೆರೆಯನ್ನೇ ಬಿಟ್ಟು ವಸ್ತುವನ್ನು ಬರೆದರೆ ಹೇಗೆ ಎಂದು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ವಿವರಿಸಿದ್ದರು. ಕಟ್ಟಡದ ಪ್ರತಿ ಭಾಗವನ್ನೂ ಕಂಪ್ಯೂಟರಿನಲ್ಲಿ ಒಂದೇ ಸಲ ವಿವರಿಸಿಟ್ಟು, ಬೇಕಾದ ನಕ್ಷೆಗಳನ್ನೆಲ್ಲ ಅದರಿಂದಲೇ ತೆಗೆಯುವ ವಿಚಾರ ಅದು. ಇಂದಿನ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಅಂದರೆ ಬಾಯಿಮಾತಿನ ‘ಬಿಮ್’, ಅದರದೇ ಬೆಳೆ. ಇಲ್ಲಿ ಡಕ್ಟಿಗೆ ತನ್ನ ಅಗಲ, ಎತ್ತರ, ನೆಲದಿಂದ ಎಷ್ಟು ಮೇಲಿದ್ದೇನೆ, ನನ್ನೊಳಗೆ ಎಷ್ಟು ಗಾಳಿ ಹರಿಯುತ್ತದೆ ಎಂಬುದೆಲ್ಲ ಗೊತ್ತು. ಅಳತೆ ಒಂದು ಕಡೆ ಬದಲಾದರೆ ಪ್ಲಾನ್, ಅಡ್ಡಕೊಯ್ತ, ಸಾಮಾನಿನ ಪಟ್ಟಿ ಎಲ್ಲದರಲ್ಲೂ ಬದಲಾಗುತ್ತದೆ.

ಈಗ ನಮ್ಮ 60 ಮಿಲಿಮೀಟರಿಗೆ ಬರೋಣ. 600×300ರ ಡಕ್ಟನ್ನು 720×250 ಮಾಡಿದರೆ ಗಾಳಿಯ ದಾರಿ ಅಷ್ಟೇ ಉಳಿಯುತ್ತದೆ. ಸುತ್ತಳತೆ ಮಾತ್ರ 1800ರಿಂದ 1940ಕ್ಕೆ ಏರುತ್ತದೆ. ತಗಡು ಹೆಚ್ಚು ಬೇಕು, ಘರ್ಷಣೆಯೂ ಹೆಚ್ಚು. ಇಷ್ಟು ಮಾಡಿಯೂ ಸಿಕ್ಕ ಸಂದು 110, ಪೈಪೂ 110. ಮೇಲಾಗಿ ಕೊಳಚೆ ಪೈಪಿಗೆ ವಾಟ ಬೇಕು: ನೂರಕ್ಕೊಂದರಂತೆ ಕೊಟ್ಟರೂ 12 ಮೀಟರಿನಲ್ಲಿ 120 ಮಿ.ಮೀ. ಇಳಿಯುತ್ತದೆ. ಗಾಳಿಯನ್ನು ಫ್ಯಾನ್ ತಳ್ಳುತ್ತದೆ, ತಣ್ಣೀರನ್ನು ಪಂಪು ತಳ್ಳುತ್ತದೆ, ಕೊಳಚೆಗೆ ಭೂಮಿಯ ಸೆಳೆತ ಬಿಟ್ಟರೆ ಬೇರೆ ದಿಕ್ಕಿಲ್ಲ. ಆದ್ದರಿಂದ ಅದಕ್ಕೆ ಉಳಿದವರು ದಾರಿ ಬಿಡಬೇಕು. ಮಾಡೆಲ್ ತಿರುಗಿಸಿ ನೋಡಿದರೆ ತೊಲೆಯಿಂದ ತೊಲೆಗೆ ನಡುವಿನ ಅಂಕಣದಲ್ಲಿ ಸ್ಲ್ಯಾಬ್‌ವರೆಗೂ ಜಾಗ ಖಾಲಿ. ಪೈಪು ಅಲ್ಲಿ ಡಕ್ಟಿನ ಮೇಲಿನಿಂದ ದಾಟಿದರೆ ತಗಡಿನ ಅಳತೆ ಮುಟ್ಟಬೇಕಾಗಿಯೇ ಇಲ್ಲ.

ಇಂಥ ಡಿಕ್ಕಿಗಳನ್ನು ಯಂತ್ರ ಹುಡುಕುವ ಉಪಾಯ ಸರಳ, ಸುಂದರ. ಮಾಡೆಲಿನಲ್ಲಿ 10,000 ತುಂಡುಗಳಿದ್ದರೆ ಜೋಡಿಗಳು 4,99,95,000. ಪ್ರತಿ ಜೋಡಿಯ ಮೈಯನ್ನೂ ತಡವಿ ನೋಡುತ್ತ ಕೂತರೆ ಮುಗಿಯುವುದಿಲ್ಲ. ಅದಕ್ಕೆ ಪ್ರತಿ ತುಂಡನ್ನೂ ಒಂದು ಕಾಲ್ಪನಿಕ ಪೆಟ್ಟಿಗೆಯಲ್ಲಿ ಇಡುತ್ತಾರೆ. ಎರಡು ಪೆಟ್ಟಿಗೆಗಳು ಉದ್ದ, ಅಗಲ, ಎತ್ತರ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಒಂದನ್ನೊಂದು ದಾಟದಿದ್ದರೆ ಒಳಗಿನ ವಸ್ತುಗಳು ತಗಲುವ ಮಾತೇ ಇಲ್ಲ. ಹೀಗೆ ಬಹುಪಾಲು ಜೋಡಿಗಳು ಮೊದಲ ಸುತ್ತಿನಲ್ಲೇ ಉದುರುತ್ತವೆ. ಉಳಿದ ಕೆಲವನ್ನಷ್ಟೇ ನಿಜವಾದ ಆಕಾರದಿಂದ ಪರೀಕ್ಷಿಸಿದರಾಯಿತು.

ಇದರ ಫಲ ಚೆನ್ನಾಗಿ ದಾಖಲಾಗಿರುವುದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಕಾಮಿನೋ ಮೆಡಿಕಲ್ ಗ್ರೂಪ್ ಕಟ್ಟಡದಲ್ಲಿ. ಎರಡೂವರೆ ಲಕ್ಷ ಚದರಡಿಯ ಅಲ್ಲಿನ ಕೆಲಸದ ಬಗ್ಗೆ ಅತುಲ್ ಖಂಜೋಡೆ ಮತ್ತು ಜೊತೆಗಾರರು 2008ರಲ್ಲಿ ಪ್ರಬಂಧ ಬರೆದರು. ಡಕ್ಟಿನವರು, ಪ್ಲಂಬಿಂಗಿನವರು, ಎಲೆಕ್ಟ್ರಿಕಲ್‌ನವರು ಒಂದೇ ದೊಡ್ಡ ಕೋಣೆಯಲ್ಲಿ ಕೂತು ಮಾಡೆಲ್ ಜೋಡಿಸಿದರು. ಮುಖ್ಯ ಡಕ್ಟು ಮೊದಲು, ವಾಟದ ಪೈಪು ಅದರ ಬೆನ್ನಿಗೇ, ಆಮೇಲೆ ಸ್ಪ್ರಿಂಕ್ಲರ್, ಬಾಗುವ ಸಣ್ಣ ಡಕ್ಟುಗಳು ಕೊನೆಯ ಕಡೆಗೆ. ಹೊಂದಿಸಿಟ್ಟ ವ್ಯವಸ್ಥೆಗಳ ನಡುವೆ ಸೈಟಿನಲ್ಲಿ ಒಂದೂ ಡಿಕ್ಕಿಯಾಗಲಿಲ್ಲ. ಮೆಕ್ಯಾನಿಕಲ್ ಗುತ್ತಿಗೆದಾರರು ಬಿಚ್ಚಿ ಮತ್ತೆ ಮಾಡಿದ ಕೆಲಸ ಶೇ. 0.2ಕ್ಕಿಂತ ಕಡಿಮೆ. ಪ್ಲಂಬಿಂಗ್ ಪೂರ್ತಿ ಮೊದಲೇ ತಯಾರಾಗಿ ಬಂತು. ಈ ಜೋಡಣೆಯ ಉದ್ದಕ್ಕೂ ದಾಖಲಾದ ಗಾಯ ಒಂದೇ ಒಂದು. ನನ್ನ ಮನಸ್ಸಿನಲ್ಲಿ ಉಳಿದ ಅಂಕಿ ಅದೇ. ಏಣಿ ಮೇಲೆ ನಿಂತು ತಲೆಯ ಮೇಲಿನ ತಗಡು ಕತ್ತರಿಸುವ ಸಂದರ್ಭ ಕಡಿಮೆಯಾದಷ್ಟೂ ಕೈ ಬೆರಳು ಉಳಿಯುತ್ತವೆ.

ಬದಲಾವಣೆಯ ಕಷ್ಟ ಸಾಫ್ಟ್‌ವೇರ್ ಕಲಿಯುವುದರಲ್ಲಿಲ್ಲ. ಗೆರೆ ಎಳೆದು ‘ಎತ್ತರ ಸೈಟಿನಲ್ಲಿ ಹೊಂದಿಸಿಕೊಳ್ಳಿ’ ಎಂದು ಬರೆದುಬಿಡುವ ಅನುಕೂಲ ಹೋಯಿತು. ಎತ್ತರ ಹೇಳದೆ ಮಾಡೆಲಿನಲ್ಲಿ ಒಂದು ಪೈಪೂ ಕೂರುವುದಿಲ್ಲ. ಫಿಟ್ಟರ್ ತೆಗೆದುಕೊಳ್ಳುತ್ತಿದ್ದ ತೀರ್ಮಾನ ಈಗ ಮೇಜಿನ ಮುಂದೆ ಕೂತವರದು. ಇನ್ಸುಲೇಶನ್ ಮರೆತರೆ, ಹ್ಯಾಂಗರ್ ಬಿಟ್ಟರೆ ಯಂತ್ರ ‘ಡಿಕ್ಕಿಯಿಲ್ಲ’ ಎಂದು ಹಸಿರು ತೋರಿಸುತ್ತದೆ, ಸೈಟಿನಲ್ಲಿ ಪೈಪು ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಕೂತು ದೂರದೇಶದ ಕಟ್ಟಡಗಳಿಗೆ ಡಕ್ಟ್ ಜೋಡಿಸುವ ನಮ್ಮ ಹುಡುಗ ಹುಡುಗಿಯರನ್ನು ಮೊದಲು ಕೆಲವು ವಾರ ಸೈಟಿಗೆ ಕಳಿಸಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ. ಸ್ಪ್ಯಾನರ್ ತಿರುಗಲು ಎಷ್ಟು ಜಾಗ ಬೇಕು ಎಂಬುದು ಮಣಿಕಟ್ಟಿಗೆ ಗೊತ್ತಾಗುವ ವಿಷಯ.

ಅದನ್ನೂ ಮಾಡೆಲಿಗೆ ಹೇಳಲು ಬರುತ್ತದೆ. ವಾಲ್ವಿನ ಮುಂದೆ ಒಂದು ಪಾರದರ್ಶಕ ಪೆಟ್ಟಿಗೆ ಬರೆದಿಟ್ಟರೆ, ಅದರೊಳಗೆ ಪೈಪೋ ಟ್ರೇಯೋ ನುಗ್ಗಿದ ಕೂಡಲೇ ಯಂತ್ರ ಡಿಕ್ಕಿ ಎಂದು ತೋರಿಸುತ್ತದೆ. ಹತ್ತು ವರ್ಷದ ಮೇಲೆ ರಾತ್ರಿ ಪಾಳಿಯಲ್ಲಿ ಏಣಿ ಹತ್ತಿ ಆ ವಾಲ್ವ್ ಮುಚ್ಚಬೇಕಾದವನ ಕೈಗೆ, ಭುಜಕ್ಕೆ, ಟಾರ್ಚಿಗೆ ಕಾದಿಟ್ಟ ಜಾಗ ಅದು.