ಭೂಗರ್ಭದ ಪಾಠಶಾಲೆ

ಅಡುಗೆಮನೆಯ ಪಾತ್ರೆಯಿಂದ ಮೊದಲ್ಗೊಂಡು ಕೊರಳಿನ ಆಭರಣದವರೆಗೆ ನಾವು ನಿತ್ಯವೂ ಮುಟ್ಟುವ ಲೋಹವೆಲ್ಲವೂ ಭೂಗರ್ಭದಿಂದಲೇ ಬಂದುದಾದರೂ, ಅದು ಹೊರಬಂದ ಬಗೆಯನ್ನು ಕಣ್ಣಾರೆ ಕಂಡವರು ಅತಿ ವಿರಳ. ಗ್ರಂಥಪಾಠವೊಂದರಿಂದಲೇ ನೀಗದ ಈ ಅಜ್ಞಾನವನ್ನು ಕಳೆಯಲು ಗಣಿಯನ್ನೇ ವಸ್ತುಸಂಗ್ರಹಾಲಯದೊಳಕ್ಕೆ ತಂದವರಲ್ಲಿ ಜರ್ಮನರು ಅಗ್ರಗಣ್ಯರು. ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಂನ ಸಂಸ್ಥಾಪಕನಾದ ಇಂಜಿನಿಯರ್ ಆಸ್ಕರ್ ಫಾನ್ ಮಿಲ್ಲರನು, ಪ್ರೇಕ್ಷಕನು ದೂರ ನಿಂತು ನೋಡಿದರೆ ಸಾಲದು, ತಾನೇ ಹಿಡಿಯನ್ನು ತಿರುಗಿಸಿ ಯಂತ್ರವನ್ನು ನಡೆಸಿ ಅರಿಯಬೇಕೆಂದು ಬಗೆದನು. ಅಲ್ಲಿಯ ಪ್ರದರ್ಶನಗಳಿಂದ ಪ್ರಭಾವಿತನಾದ ಷಿಕಾಗೋದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡನ ಔದಾರ್ಯದಿಂದ 1933ರಲ್ಲಿ ಆ ನಗರದಲ್ಲಿಯೂ ವಿಜ್ಞಾನ ಸಂಗ್ರಹಾಲಯವೊಂದು ತೆರೆಯಿತು. ಅದರ ಮೊದಲ ಆಕರ್ಷಣೆಯೇ ಕಲ್ಲಿದ್ದಲಿನ ಗಣಿ. ಅಲ್ಲಿ ಕೇಜಿನಲ್ಲಿ ನಿಂತು ಕತ್ತಲೆಗಿಳಿಯುವವನಿಗೆ, ವಾಸ್ತವದ ಇಳಿತ ಅಲ್ಪವಾದರೂ, ನೂರಾರು ಅಡಿಗಳ ಪಾತಾಳವನ್ನು ಹೊಕ್ಕಂತಹ ಅನುಭವವಾಗುತ್ತದೆ.

ಇಂತಹ ಗಣಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಸುರಕ್ಷಾದೀಪದ ಪ್ರಯೋಗ. ಹಂಫ್ರಿ ಡೇವಿ 1815ರಲ್ಲಿ ರೂಪಿಸಿದ ಈ ದೀಪದಲ್ಲಿ ಜ್ವಾಲೆಯ ಸುತ್ತಲೂ ಸೂಕ್ಷ್ಮವಾದ ತಂತಿಯ ಜಾಲರಿಯಿದೆ. ಜಾಲರಿಯು ಉಷ್ಣವನ್ನು ಹೀರಿ ಹರಡಿಬಿಡುವುದರಿಂದ ಒಳಗಿನ ಉರಿಯು ಹೊರಗಿನ ಮೀಥೇನ್ ಅನಿಲಕ್ಕೆ ತಗಲಲಾರದು. ಅನಿಲವು ಸೇರಿದಂತೆ ಜ್ವಾಲೆಯ ಮೇಲೆ ನಸುನೀಲಿಯ ಮುಕುಟವೊಂದು ಮೂಡುತ್ತದೆ. ಆಮ್ಲಜನಕ ಕುಗ್ಗಿದರೆ ದೀಪವೇ ಆರುತ್ತದೆ. ಪ್ರಾಣವನ್ನು ಕಾಯುವ ಸೂಚನೆಯನ್ನು ಹೀಗೆ ಕಣ್ಣೆದುರು ಕಂಡ ಬಾಲಕನಿಗೆ ರಸಾಯನಶಾಸ್ತ್ರವು ಕೇವಲ ಪರೀಕ್ಷೆಯ ವಿಷಯವಾಗಿ ಉಳಿಯದು.

ಜರ್ಮನಿಯ ಬೋಖುಮ್ ನಗರದಲ್ಲಿ 1930ರಲ್ಲಿ ಸ್ಥಾಪಿತವಾದ ಗಣಿಗಾರಿಕೆಯ ಸಂಗ್ರಹಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ನೆಲದಡಿಯಲ್ಲಿ, ಸುಮಾರು 20 ಮೀಟರ್ ಆಳದಲ್ಲಿ, ಎರಡೂವರೆ ಕಿಲೋಮೀಟರ್ ಉದ್ದದ ಸುರಂಗಗಳಿವೆ; ಆದರೆ ಅಲ್ಲಿ ಎಂದೂ ಕಲ್ಲಿದ್ದಲನ್ನು ತೆಗೆದಿಲ್ಲ. ಬೋಧನೆಗೆಂದೇ ತೋಡಿದ ಸುರಂಗಗಳವು. ಜರ್ಮನಿಯು ತನ್ನ ಕೊನೆಯ ಕಲ್ಲಿದ್ದಲಿನ ಭೂಗತ ಗಣಿಯನ್ನು 2018ರ ಡಿಸೆಂಬರಿನಲ್ಲಿ ಮುಚ್ಚಿದ ಮೇಲೆಯೂ ಆ ಶ್ರಮದ ಸ್ವರೂಪ ಇಲ್ಲಿ ಉಳಿದಿದೆ.

ಆದರೆ ಯಂತ್ರದ ವೈಭವವನ್ನಷ್ಟೇ ತೋರಿಸಿ, ಧೂಳಿನಿಂದ ಕೆಟ್ಟ ಶ್ವಾಸಕೋಶವನ್ನೂ, ಕೆಡಿಸಿದ ನೆಲಜಲಗಳನ್ನೂ ಮರೆಮಾಚುವ ಪ್ರದರ್ಶನವನ್ನು ನಾನು ಶಿಕ್ಷಣವೆನ್ನಲಾರೆ; ಅದು ಕೇವಲ ಪ್ರಚಾರ. ಅದುರಿನ ಪ್ರಮಾಣವನ್ನು ತೋರಿಸುವ ಫಲಕದ ಪಕ್ಕದಲ್ಲಿಯೇ, ಅದನ್ನು ತೆಗೆಯಲು ಅಗೆದು ಎಸೆದ ಬಂಡೆಯ ರಾಶಿಯೂ ಇರತಕ್ಕದ್ದು.

ಈ ಮಾತು ನಮಗೆ ದೂರದ್ದಲ್ಲ. ನೂರು ವರ್ಷಗಳಿಗೂ ಮಿಕ್ಕಿ ನಡೆದು, ಮೂರು ಕಿಲೋಮೀಟರಿಗೂ ಆಳಕ್ಕಿಳಿದು, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಸುತ್ತ ಇಂದಿಗೂ ಸಯನೈಡ್ ಬೆರೆತ ತ್ಯಾಜ್ಯದ ದಿಬ್ಬಗಳು ನಿಂತಿವೆ. ಅಲ್ಲಿಯೂ ಇಂತಹ ಪಾಠಶಾಲೆಯೊಂದನ್ನು ತೆರೆಯಲು, ಆಳದ ಸುರಂಗಗಳಲ್ಲಿ ನೀರು ತುಂಬಿರುವುದು ಅಡ್ಡಿಯಾಗಬೇಕಿಲ್ಲ. ಮೇಲುನೆಲದ ಸಮೀಪದಲ್ಲಿಯೇ ಬೋಧನೆಯ ಗಣಿಯನ್ನು ಕಟ್ಟಬಹುದೆಂಬುದಕ್ಕೆ ಬೋಖುಮ್ ಸಾಕ್ಷಿ. ಶಾಫ್ಟಿನಲ್ಲಿ ಇಳಿದು ದುಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ, ಅವರನ್ನೇ ಮಾರ್ಗದರ್ಶಕರನ್ನಾಗಿ ಮಾಡಿಕೊಂಡು, ಅಂತಹದೊಂದನ್ನು ಅಲ್ಲಿ ಕಟ್ಟಲು ಸರಕಾರವೂ ವಿದ್ವಾಂಸರೂ ತಡಮಾಡದೆ ಮುಂದಾಗಲಿ.