ನಿಮಗಿದು ಗೊತ್ತೆ? ಟರ್ಬೊ ಬೈಕಿನ ಹಲ್ಲಿನ ಲೆಕ್ಕ
ಬೈಕಿನ ಪಿಕಪ್ ಹೆಚ್ಚಬೇಕೆಂದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಎಳೆಯುವ ಹಲ್ಲಿನ ಚಕ್ರದಲ್ಲಿ) ಒಂದು ಹಲ್ಲು ಕಡಿಮೆ ಮಾಡಿಸುವುದು ಗ್ಯಾರೇಜುಗಳ ಹಳೆಯ ಉಪಾಯ. ಟರ್ಬೊ ಬೈಕಿನಲ್ಲಿ ಅದು ಸಾಮಾನ್ಯವಾಗಿ ತಿರುಗುಬಾಣ! ಟರ್ಬೊ ತಿರುಗುವುದು ಎಂಜಿನ್ ಉಗುಳುವ ಬಿಸಿ ಹೊಗೆಯಿಂದ. ಎಂಜಿನ್ ಮೇಲೆ ಭಾರ ಬಿದ್ದು, ಒಂದಿಷ್ಟು ಸಮಯವೂ ಸಿಕ್ಕರೆ ಅದು ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ ಏರುತ್ತದೆ. ಹಲ್ಲು ಕಡಿಮೆಯಾಗಿ ಗೇರ್ ಬೇಗ ಮುಗಿದುಹೋದರೆ ಒತ್ತಡ ಏರುವ ಮೊದಲೇ ಮುಂದಿನ ಗೇರ್ ಹಾಕಬೇಕು. ಏರಿತೋ, ಮುಂಚಕ್ರ ಆಕಾಶಕ್ಕೆ. ಹಾಗಾಗಿ ಮುಂದೆ 15 ಹಲ್ಲಿನದರ ಜಾಗಕ್ಕೆ 16 ಹಲ್ಲಿನದು ಹಾಕುವುದೇ ಜಾಣತನ. ಹಿಂದೆ 45 ಇದ್ದರೆ ಅನುಪಾತ 3.00ರಿಂದ 2.81ಕ್ಕೆ ಇಳಿಯುತ್ತದೆ, ಹಿಂದಿನದರಲ್ಲಿ ಸುಮಾರು 3 ಹಲ್ಲು ಕಡಿಮೆ ಮಾಡಿದಷ್ಟೇ ಪರಿಣಾಮ.

1980ರ ದಶಕದಲ್ಲಿ ಜಪಾನಿನ ನಾಲ್ಕೂ ದೊಡ್ಡ ಕಂಪನಿಗಳು ಟರ್ಬೊ ಬೈಕ್ ತಂದಿದ್ದವು. ಹೋಂಡಾ, ಯಮಹಾಗಳದ್ದು ಶಾಫ್ಟ್ ಡ್ರೈವ್, ಸ್ಪ್ರಾಕೆಟ್ಟೇ ಇಲ್ಲ. ಈ ಹಲ್ಲಿನಾಟಕ್ಕೆ ಒಗ್ಗಿದ್ದು ಚೈನ್ ಇದ್ದ ಸುಜುಕಿ ಎಕ್ಸ್‌ಎನ್85 ಮತ್ತು ಕವಾಸಾಕಿ ಜಿಪಿಜೆಡ್750 ಟರ್ಬೊ ಮಾತ್ರ.

ಒಂದು ಎಚ್ಚರ: ವೇಗದ ಸೆನ್ಸರ್ ಗೇರ್‌ಬಾಕ್ಸ್‌ನಲ್ಲಿದ್ದರೆ, 16 ಹಲ್ಲಿನದು ಹಾಕಿದ ಮೇಲೆ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ. ಅದನ್ನು ಸರಿಹೊಂದಿಸಿಯೇ ರಸ್ತೆಗಿಳಿಯಿರಿ.